ಸನ್ಯಾಸಿಗಳು ತೆರೆದ ಅಡವಿನಂಗಡಿ

ನಮ್ಮ ಶಾಖೆಯ ಚಿನ್ನದ ಸಾಲದ ಕೌಂಟರಿನಲ್ಲಿ ನಾನು ಕೂರತೊಡಗಿ ಒಂಬತ್ತು ವರ್ಷಗಳಾದವು. ಗಡಿನಾಡಿನ ಸಣ್ಣ ಪೇಟೆ. ಬರುವವರಲ್ಲಿ ಅರ್ಧ ಜನ ‘ಪಣಯ’ ಎನ್ನುತ್ತಾರೆ, ಇನ್ನರ್ಧ ಜನ ‘ಅಡವು’ ಎನ್ನುತ್ತಾರೆ. ಸರಾಫರ ತಕ್ಕಡಿಗೆ ಎರಡೂ ಒಂದೇ. ಶಾಲೆ ತೆರೆಯುವ ಜೂನ್, ಕೂಲಿ ನಿಂತುಹೋಗುವ ಆಟಿ ತಿಂಗಳು, ಮಂಗಳೂರಿನ ಆಸ್ಪತ್ರೆಗೆ ಹೊರಡುವ ಮುನ್ನಾದಿನ, ಇವೇ ನಮ್ಮ ಕೌಂಟರಿನ ಪರ್ವಕಾಲಗಳು.

ಎರಡು ವರ್ಷಗಳ ಹಿಂದೆ ಅಂಥ ಒಂದು ದಿನ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಬಂದ ಒಬ್ಬ ವೃದ್ಧ ಪಾದ್ರಿಗಳು ನನ್ನೆದುರಿನ ಸಾಲನ್ನು ಸ್ವಲ್ಪ ಹೊತ್ತು ನೋಡಿ, “ಮಾರಾಯ್ರೇ, ನೀವು ಕೂತ ಈ ಕುರ್ಚಿ ಉಂಟಲ್ಲ, ಇದನ್ನು ಮೊದಲು ಹಾಕಿದ್ದು ಸನ್ಯಾಸಿಗಳು. ಗೊತ್ತುಂಟಾ ನಿಮಗೆ?” ಎಂದು ಕೇಳಿದರು.

“ಯಾವ ಸನ್ಯಾಸಿಗಳು ಫಾದರ್?” ಎಂದೆ.

“ದುಡ್ಡನ್ನು ಕೈಯಿಂದ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವರು!” ಎಂದು ನಕ್ಕು ಹೊರಟುಹೋದರು.

ಬಿ.ಎ.ಯಲ್ಲಿ ನಾನು ಇತಿಹಾಸ ಓದಿದವನು. ಯುರೋಪಿನ ರಾಜರ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ಈ ಸಂಗತಿ ಮಾತ್ರ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಬಿಡುವಾದಾಗಲೆಲ್ಲ ಹುಡುಕಿ ಓದಿದೆ. ಓದಿದ್ದನ್ನು ಗುಮಾಸ್ತನ ಕಣ್ಣಿನಿಂದಲೇ ಇಲ್ಲಿ ಹೇಳುತ್ತಿದ್ದೇನೆ. ದೇವಶಾಸ್ತ್ರ ಬಲ್ಲವರು ಮನ್ನಿಸಬೇಕು.

ಕತೆ ಆರಂಭವಾಗುವುದು ಇಟಲಿಯ ನಡುಭಾಗದ ಅಸಿಸಿ ಎಂಬ ಗುಡ್ಡದ ಮೇಲಿನ ಊರಿನಲ್ಲಿ. ಅಲ್ಲಿ ಪಿಯೆತ್ರೊ ಬೆರ್ನಾರ್ದೊನೆ ಎಂಬ ಬಟ್ಟೆ ವ್ಯಾಪಾರಿ ಇದ್ದ. ಅವನ ಮಗ ಫ್ರಾನ್ಸಿಸ್ ಹುಟ್ಟಿದ್ದು 1181 ಅಥವಾ 1182ರಲ್ಲಿ. ಹುಡುಗ ಉಡುಪಿನ ಶೋಕಿಯವನು, ಧಾರಾಳಿ. 1202ರಲ್ಲಿ ನೆರೆಯ ಪೆರೂಜಾ ನಗರದ ವಿರುದ್ಧ ಯುದ್ಧಕ್ಕೆ ಹೋಗಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಅಲ್ಲಿಯ ಬಂದೀಖಾನೆಯಲ್ಲಿದ್ದ. (ಪೆರೂಜಾ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.) ಬಿಡುಗಡೆಯಾಗಿ ಬಂದಮೇಲೆ ಕಾಯಿಲೆ, ಚಡಪಡಿಕೆ. ಅಂಗಡಿಯ ಬಟ್ಟೆಯನ್ನು ಕುದುರೆಯ ಮೇಲೆ ಹೇರಿಕೊಂಡು ಹೋಗಿ, ಬಟ್ಟೆಯನ್ನೂ ಕುದುರೆಯನ್ನೂ ಫೊಲಿನ್ಯೊ ಪೇಟೆಯಲ್ಲಿ ಮಾರಿ, ಬಂದ ಹಣವನ್ನು ಒಂದು ಪಾಳು ಇಗರ್ಜಿಯ ದುರಸ್ತಿಗೆ ಕೊಡಹೊರಟ. ಅಪ್ಪ ಸುಮ್ಮನಿರಲಿಲ್ಲ. ಅವನ ಕಡೆಯಿಂದ ನೋಡಿದರೆ ಅದು ಅಂಗಡಿಯ ಮಾಲಿನ ಕಳವಲ್ಲದೆ ಬೇರೇನೂ ಅಲ್ಲ. ವ್ಯಾಜ್ಯ ಬಿಷಪ್ಪರ ಮುಂದೆ ಹೋಯಿತು. 1206ರ ಆ ದಿನ ಫ್ರಾನ್ಸಿಸ್ ಹಣವನ್ನು ಮರಳಿಸಿದ್ದಲ್ಲದೆ, ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಯ ಮುಂದಿಟ್ಟು ಬರಿಮೈಯಲ್ಲಿ ನಿಂತ. ಬಿಷಪ್ಪರು ತಮ್ಮ ನಿಲುವಂಗಿಯಿಂದ ಅವನನ್ನು ಮುಚ್ಚಬೇಕಾಯಿತು.

ಎಲ್ಲವನ್ನೂ ತೊರೆಯುವವರು ನಮ್ಮಲ್ಲಿಯೂ ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಫ್ರಾನ್ಸಿಸನ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ಆತ ತೊರೆದು ಕಾಡಿಗೆ ಹೋಗಲಿಲ್ಲ, ಕುಷ್ಠರೋಗಿಗಳ ಬಳಿಗೆ ಹೋದ. ಸಾಯುವ ಮೊದಲು, 1226ರಲ್ಲಿ, ಬರೆಸಿದ ಮರಣಶಾಸನದಲ್ಲಿ ತನ್ನ ಬದುಕಿನ ತಿರುವು ಅದೇ ಎಂದು ಸ್ವತಃ ಹೇಳಿಕೊಂಡಿದ್ದಾನೆ. ಮೊದಲು ಆ ರೋಗಿಗಳನ್ನು ನೋಡುವುದೇ ಕಹಿಯಾಗಿತ್ತು, ಅವರ ನಡುವೆ ಇದ್ದಮೇಲೆ ಆ ಕಹಿಯೇ ಸಿಹಿಯಾಯಿತು ಎಂಬುದು ಅದರ ತಾತ್ಪರ್ಯ. ಅಂದರೆ ಬಿಡುವುದೂ ಬರಮಾಡಿಕೊಳ್ಳುವುದೂ ಅವನಲ್ಲಿ ಬೇರೆಬೇರೆ ವ್ರತಗಳಲ್ಲ. ಕೈಯಲ್ಲಿ ಏನಾದರೂ ಹಿಡಿದುಕೊಂಡಿದ್ದರೆ ಎದುರಿಗೆ ಬಂದವನ ಕೈ ಹಿಡಿಯಲಾಗುವುದಿಲ್ಲ ಎಂಬ ಸರಳ ಲೆಕ್ಕ.

ಈ ಲೆಕ್ಕದಲ್ಲಿ ಆತ ಎಷ್ಟು ಕಟ್ಟುನಿಟ್ಟಾಗಿದ್ದ ಎಂಬುದಕ್ಕೆ ಅವನ ಜೀವನಚರಿತ್ರೆ ಬರೆದ ಸೆಲಾನೊದ ತೋಮಸ್ ಕೆಲವು ಪ್ರಸಂಗಗಳನ್ನು ಕೊಟ್ಟಿದ್ದಾನೆ. ಯಾರೋ ಭಕ್ತರು ಇಗರ್ಜಿಯಲ್ಲಿ ಇಟ್ಟುಹೋದ ನಾಣ್ಯವನ್ನು ಒಬ್ಬ ಸನ್ಯಾಸಿ ಕೈಯಿಂದ ಎತ್ತಿ ಕಿಟಕಿಯ ಕಡೆ ಎಸೆದ. ಎಸೆದದ್ದೇನೋ ಸರಿ, ಮುಟ್ಟಿದ್ದೇಕೆ? ಅದನ್ನು ಬಾಯಲ್ಲಿ ಕಚ್ಚಿ ತೆಗೆದುಕೊಂಡು ಹೋಗಿ ಹೊರಗೆ ಕತ್ತೆಯ ಲದ್ದಿಯ ಮೇಲೆ ಇಡಬೇಕೆಂದು ಫ್ರಾನ್ಸಿಸ್ ಆಜ್ಞಾಪಿಸಿದ. ದಿನವಿಡೀ ನೋಟಿನ ಕಟ್ಟುಗಳನ್ನು ಎಣಿಸುವ ನನ್ನಂಥವನು ಇದನ್ನು ಓದಿ ಬೆರಳು ನೋಡಿಕೊಂಡರೆ ಆಶ್ಚರ್ಯವಿಲ್ಲ.

ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತ ಮುಖ್ಯವಾಗಿ ಕಂಡಿತು. ಇಬ್ಬರು ಸನ್ಯಾಸಿಗಳ ಮುದಿತಾಯಿ ಭಿಕ್ಷೆ ಕೇಳಿಕೊಂಡು ಬಂದಳು. ಕೊಡಲು ಏನೂ ಇಲ್ಲ. ಇದ್ದದ್ದು ಹೊಸ ಒಡಂಬಡಿಕೆಯ ಒಂದು ಪ್ರತಿ ಮಾತ್ರ, ಅದೂ ಮುಂಜಾನೆಯ ಪ್ರಾರ್ಥನೆಯಲ್ಲಿ ಓದಲು ಇಟ್ಟದ್ದು. ಅಚ್ಚುಮನೆಗಳಿಲ್ಲದ ಕಾಲ, ಕೈಬರಹದ ಗ್ರಂಥವೆಂದರೆ ದೊಡ್ಡ ಬೆಲೆಯ ವಸ್ತು. ಅದನ್ನೇ ಕೊಟ್ಟುಬಿಡಿ, ಮಾರಿಕೊಳ್ಳಲಿ; ಬಡವರಿಗೆ ಕೊಡು ಎಂದು ಹೇಳುವ ಪುಸ್ತಕವನ್ನು ಓದುವುದಕ್ಕಿಂತ ಕೊಟ್ಟುಬಿಡುವುದು ದೇವರಿಗೆ ಹೆಚ್ಚು ಪ್ರಿಯವಾದೀತು ಎಂದ ಫ್ರಾನ್ಸಿಸ್. ಆ ಸಂಘಕ್ಕೆ ದೊರೆತ ಮೊದಲನೆಯ ಹೊಸ ಒಡಂಬಡಿಕೆ ಹೀಗೆ ಮಾರಾಟವಾಯಿತು.

ಆದರೆ ಲೆಕ್ಕದ ತೊಡಕು ಅವನ ಜೀವಿತಕಾಲದಲ್ಲೇ ಕಾಣಿಸಿಕೊಂಡಿತ್ತು. ದೂರದಿಂದ ಬರುವ ಸನ್ಯಾಸಿ ಅತಿಥಿಗಳ ಸಂಖ್ಯೆ ಹೆಚ್ಚಿ ಭಿಕ್ಷೆ ಸಾಲದಾದಾಗ ಅವನ ಸಹಾಯಕ ಪಿಯೆತ್ರೊ ಕತಾನಿ ಒಂದು ಸಲಹೆ ತಂದ. ಸಂಘಕ್ಕೆ ಹೊಸದಾಗಿ ಸೇರುವವರು ತಮ್ಮ ಆಸ್ತಿಯನ್ನು ಬಡವರಿಗೆ ಹಂಚಿ ಬರುತ್ತಾರಲ್ಲ, ಅದರಲ್ಲೊಂದು ಪಾಲನ್ನು ಅತಿಥಿಗಳಿಗೆಂದು ತೆಗೆದಿಡಬಾರದೇ? ಎಷ್ಟು ನ್ಯಾಯವಾದ ಮಾತು! ಫ್ರಾನ್ಸಿಸ್ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದಿದ್ದರೆ ದೇವಮಾತೆಯ ಪೀಠದ ಅಲಂಕಾರಗಳನ್ನು ತೆಗೆದು ಮಾರು, ದಾಸ್ತಾನು ಮಾತ್ರ ಬೇಡ ಎಂದ. ಬಂದವರನ್ನು ಬರಮಾಡಿಕೊಳ್ಳಲು ಏನಾದರೂ ಇಟ್ಟುಕೊಂಡಿರಬೇಕಲ್ಲ ಎಂಬ ಪಿಯೆತ್ರೊನ ಪ್ರಶ್ನೆಗೆ ಅದು ಉತ್ತರವಾಯಿತೇ ಎಂಬುದು ಬೇರೆ ಮಾತು. ನನಗಂತೂ ಅಲ್ಲ ಅನಿಸುತ್ತದೆ. ಮುಂದಿನ ಮುನ್ನೂರು ವರ್ಷಗಳ ಕತೆ ಒಂದು ರೀತಿಯಲ್ಲಿ ಪಿಯೆತ್ರೊನ ಪ್ರಶ್ನೆಯ ಕತೆಯೇ.

ಫ್ರಾನ್ಸಿಸ್ ತೀರಿಕೊಂಡ ನಾಲ್ಕೇ ವರ್ಷಗಳಲ್ಲಿ, 1230ರಲ್ಲಿ, ಅವನ ಮರಣಶಾಸನ ಸಂಘವನ್ನು ಬಂಧಿಸುವುದಿಲ್ಲವೆಂದು ಪೋಪ್ ಒಂಬತ್ತನೆಯ ಗ್ರೆಗರಿ ತೀರ್ಪಿತ್ತರು. 1279ರಲ್ಲಿ ಮೂರನೆಯ ನಿಕೊಲಾಸ್ ಪೋಪರು, ಸನ್ಯಾಸಿಗಳು ಬಳಸುವ ವಸ್ತುಗಳ ಒಡೆತನ ರೋಮಿನದು, ಸನ್ಯಾಸಿಗಳದು ಬರೀ ಬಳಕೆ ಎಂದು ವ್ಯವಸ್ಥೆ ಮಾಡಿದರು. ಉಣ್ಣುವ ಅನ್ನ ಯಾರದು ಎಂಬ ಈ ವ್ಯಾಜ್ಯ ಎಷ್ಟು ಬೆಳೆಯಿತೆಂದರೆ, 1318ರಲ್ಲಿ ಮಾರ್ಸೇ ಪಟ್ಟಣದಲ್ಲಿ ಕಟ್ಟಾ ಬಡತನದ ಪಕ್ಷದ ನಾಲ್ವರು ಸನ್ಯಾಸಿಗಳನ್ನು ಸುಟ್ಟರು. ಕ್ರಿಸ್ತನೂ ಅವನ ಶಿಷ್ಯರೂ ಏನನ್ನೂ ಹೊಂದಿರಲಿಲ್ಲ ಎಂದು ಸಾಧಿಸುವುದೇ ಪಾಷಂಡವೆಂದು 1323ರಲ್ಲಿ ಇಪ್ಪತ್ತೆರಡನೆಯ ಜಾನ್ ಪೋಪರು ಸಾರಿದರು. ಇದರ ವಿವರಗಳಿಗೆ ಹೋದರೆ ಹೊರಬರುವುದು ಕಷ್ಟ, ಬಿಟ್ಟು ಮುಂದೆ ಹೋಗುತ್ತೇನೆ.

ಒಂದು ವಿಚಿತ್ರವನ್ನು ಮಾತ್ರ ಹೇಳಲೇಬೇಕು. ಬಡತನದ ವ್ರತವನ್ನು ಅತ್ಯಂತ ಬಿಗಿಯಾಗಿ ಹಿಡಿದವರಲ್ಲೊಬ್ಬನಾದ ಪೀಟರ್ ಓಲಿವಿ (1298ರಲ್ಲಿ ತೀರಿಕೊಂಡ) ಕೊಳ್ಳುವಿಕೆ, ಮಾರುವಿಕೆ, ಬಡ್ಡಿಗಳ ಮೇಲೆ ಒಂದು ಸೂಕ್ಷ್ಮವಾದ ಗ್ರಂಥ ಬರೆದ. ವ್ಯಾಪಾರಕ್ಕೆಂದು ತೊಡಗಿಸಿದ ಹಣ ಬರಿಯ ಹಣಕ್ಕಿಂತ ಬೇರೆ, ಅದರಲ್ಲಿ ಬೀಜದಂತೆ ಲಾಭದ ಸಾಧ್ಯತೆ ಅಡಗಿದೆ ಎಂದು ಯೋಚಿಸಿದವರಲ್ಲಿ ಆತ ಮೊದಲಿಗರ ಸಾಲಿನವನು. ದುಡ್ಡನ್ನು ಬಿಟ್ಟವನಿಗೆ ದುಡ್ಡು ಚೆನ್ನಾಗಿ ಕಾಣುತ್ತದೋ ಏನೋ.

ಈಗ ಬಡ್ಡಿಯ ವಿಷಯ. ಮರಳಿ ಪಡೆಯುವ ಆಸೆಯಿಲ್ಲದೆ ಸಾಲ ಕೊಡಿರೆಂದು ಲೂಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಬರುವ ಉಪದೇಶವನ್ನು ಹಿಡಿದು, ಕೊಟ್ಟ ಅಸಲಿಗಿಂತ ಒಂದು ಕಾಸು ಹೆಚ್ಚು ಪಡೆದರೂ ಪಾಪವೆಂದು ಸಭೆ ಕಲಿಸುತ್ತಿತ್ತು. ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವನಿಗೆ ಕ್ರೈಸ್ತ ಶವಸಂಸ್ಕಾರವಿಲ್ಲವೆಂದು 1179ರ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ಆದರೆ ಪಾಪವೆಂದ ಮಾತ್ರಕ್ಕೆ ಬಡವನಿಗೆ ಸಾಲದ ಅಗತ್ಯ ತಪ್ಪೀತೇ? ಬಿತ್ತನೆಗೆ ಬೀಜ ಬೇಕು, ಮನೆಯಲ್ಲಿ ಕಾಯಿಲೆ ಇದೆ. ಆದ್ದರಿಂದ ಇಟಲಿಯ ಅನೇಕ ನಗರಗಳು ಯಹೂದಿ ಸಾಹುಕಾರರೊಡನೆ ಒಪ್ಪಂದ ಮಾಡಿಕೊಂಡು ಅವರನ್ನು ಕರೆಸಿ ಕೂರಿಸಿದವು. ಅವರಿಗೆ ಬೇರೆ ಕಸುಬುಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಬಡ್ಡಿಯ ದರವನ್ನು ನಗರವೇ ಗೊತ್ತುಮಾಡುತ್ತಿತ್ತು, ಅವರಿಂದ ಭಾರಿ ತೆರಿಗೆಯನ್ನೂ ವಸೂಲಿ ಮಾಡುತ್ತಿತ್ತು. ವರ್ಷಕ್ಕೆ ನೂರಕ್ಕೆ ಇಪ್ಪತ್ತು, ಮೂವತ್ತು ಬಡ್ಡಿ ಅಸಾಧಾರಣವಾಗಿರಲಿಲ್ಲ. ಲಾಭದಲ್ಲಿ ಪಾಲು ನಗರಕ್ಕೆ, ಪಾಪದ ಪಾಲು ಪೂರ್ತಿ ಯಹೂದಿಗೆ.

ಹದಿನೈದನೆಯ ಶತಮಾನದಲ್ಲಿ ಫ್ರಾನ್ಸಿಸ್ಕನರಲ್ಲಿ ಮೂಲ ನಿಯಮಕ್ಕೆ ಮರಳಬೇಕೆಂಬ ‘ಒಬ್ಸರ್ವಂತಿ’ ಪಂಗಡ ಬಲವಾಯಿತು. ಬರಿಗಾಲಲ್ಲಿ ಊರೂರು ತಿರುಗಿ ಚೌಕಗಳಲ್ಲಿ ನಿಂತು ಸಾವಿರಾರು ಜನರಿಗೆ ಉಪದೇಶ ಮಾಡುವವರು. ಬಡವರ ಮನೆ ಎಲ್ಲಿ ಸೋರುತ್ತದೆಂದು ತಿಳಿದವರು. 1462ರಲ್ಲಿ, ಅದೇ ಪೆರೂಜಾದಲ್ಲಿ, ಮಿಲಾನಿನ ಮಿಕೇಲೆ ಕರ್ಕಾನೊ ಎಂಬಾತನ ಉಪದೇಶದ ಪರಿಣಾಮವಾಗಿ, ತೆರ್ನಿಯ ಬಾರ್ನಬಾ ಎಂಬಾತನ ಯತ್ನದಿಂದಲೂ ಒಂದು ಸಾರ್ವಜನಿಕ ಅಡವಿನ ಕಚೇರಿ ಹುಟ್ಟಿತು. ಇಬ್ಬರೂ ಆ ಪಂಗಡದ ಸನ್ಯಾಸಿಗಳು. ಅಡವಿನ ಸಾಲವೇನೂ ಹೊಸದಲ್ಲ; ಹೊಸದೆಂದರೆ ಲಾಭಕ್ಕಲ್ಲದೆ ಬಡವರಿಗೆಂದೇ ಊರು ತೆರೆದ ಕಚೇರಿ. ಅದರ ಹೆಸರು ‘ಮೊಂತೆ ದಿ ಪಿಯೆತಾ’. ‘ಮೊಂತೆ’ ಎಂದರೆ ಗುಡ್ಡ, ರಾಶಿ, ಹಾಗೆಯೇ ಕೂಡಿಟ್ಟ ನಿಧಿ. ‘ಪಿಯೆತಾ’ ಎಂದರೆ ಕನಿಕರ. ಕನಿಕರದ ಗುಡ್ಡ ಎನ್ನೋಣ.

ಕಚೇರಿ ನಡೆಯುತ್ತಿದ್ದ ರೀತಿಯನ್ನು ಓದುತ್ತ ಹೋದಂತೆ ನನಗೆ ನಮ್ಮ ಶಾಖೆಯ ಕೈಪಿಡಿಯನ್ನೇ ಓದಿದಂತಾಯಿತು. ಸನ್ಯಾಸಿಯ ಉಪದೇಶ ಮುಗಿದಮೇಲೆ, ಯಾತನೆಯ ಕ್ರಿಸ್ತನ ಚಿತ್ರವಿರುವ ಪತಾಕೆ ಹಿಡಿದು ಮೆರವಣಿಗೆ. ಉಳ್ಳವರು ದಾನ ಹಾಕುವರು, ಕೆಲವರು ಠೇವಣಿ ಇಡುವರು. ಅದೇ ಬಂಡವಾಳ. ಸಾಲ ಬೇಕಾದವನು ವಸ್ತು ತರಬೇಕು: ಉಣ್ಣೆಯ ನಿಲುವಂಗಿ, ಹಾಸಿಗೆಯ ಬಟ್ಟೆ, ತಾಮ್ರದ ಪಾತ್ರೆ, ಕಸುಬಿನ ಹತಾರ, ಇದ್ದರೆ ಒಂದು ಉಂಗುರ. ಬೆಲೆ ಕಟ್ಟಲು ನಮ್ಮ ಸರಾಫರ ಹಾಗೆ ಒಬ್ಬ ಪರೀಕ್ಷಕ. ಬೆಲೆಯ ಸುಮಾರು ಮೂರರಲ್ಲಿ ಎರಡು ಪಾಲು ಸಾಲ. ಒಬ್ಬನಿಗೆ ಇಷ್ಟೇ ಎಂಬ ಮಿತಿ. ಸ್ವಂತದ ಅಗತ್ಯಕ್ಕೇ ಹೊರತು ಜೂಜಿಗಾಗಲೀ ವ್ಯಾಪಾರಕ್ಕಾಗಲೀ ಅಲ್ಲವೆಂದು ಮಾತು ಕೊಡಬೇಕು. ಚೀಟಿ ಬರೆದು ಕೊಡುವರು, ವಸ್ತುವಿಗೆ ನಂಬರು ಕಟ್ಟಿ ಒಳಗಿಡುವರು. ಸಾಮಾನ್ಯವಾಗಿ ಒಂದು ವರ್ಷದ ಅವಧಿ. ಬಿಡಿಸಿಕೊಳ್ಳದಿದ್ದರೆ ಹರಾಜು. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಆ ಹೆಚ್ಚುವರಿ ಹಣ ವಸ್ತುವಿನ ಒಡೆಯನಿಗೆ ಸಲ್ಲಬೇಕು.

ಕೊನೆಯ ಈ ನಿಯಮವನ್ನು ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ಕಾರಣ ಆಮೇಲೆ ಹೇಳುತ್ತೇನೆ.

ಏನನ್ನೂ ಇಟ್ಟುಕೊಳ್ಳಬಾರದೆಂಬ ಫ್ರಾನ್ಸಿಸನ ಮಕ್ಕಳು ಹೀಗೆ ಊರಿನ ಬಡವರ ಕಂಬಳಿ, ಕೊಡಗಳಿಂದ ತುಂಬಿದ ಉಗ್ರಾಣವೊಂದಕ್ಕೆ ಕಾರಣರಾದರು. ಹಣ ಮುಟ್ಟಿ ಎಣಿಸಲು ಗೃಹಸ್ಥ ನೌಕರರನ್ನಿಟ್ಟರು ಎಂಬುದು ನಿಜ. ನಾಣ್ಯ ಕತ್ತೆಯ ಲದ್ದಿಯಿಂದ ಪೆಟ್ಟಿಗೆಗೆ ಬಂತು ಎಂಬುದೂ ನಿಜವೇ. ಪದ್ಧತಿ ಬೇಗ ಹಬ್ಬಿತು. 1472ರಲ್ಲಿ ಸಿಯೆನಾದಲ್ಲಿ ನಗರವೇ ತೆರೆದದ್ದು ಮುಂದೆ ‘ಮೊಂತೆ ದೇಯ್ ಪಾಸ್ಕಿ’ ಎಂಬ ಬ್ಯಾಂಕಾಗಿ ಈಗಲೂ ನಡೆಯುತ್ತಿದೆ. ಇರುವ ಬ್ಯಾಂಕುಗಳಲ್ಲಿ ಅತ್ಯಂತ ಹಳೆಯದೆಂದು ಅದರ ಪ್ರಸಿದ್ಧಿ. 2017ರಲ್ಲಿ ಮುಳುಗುವ ಸ್ಥಿತಿಯಲ್ಲಿದ್ದ ಅದನ್ನು ಇಟಲಿಯ ಸರಕಾರ ಕೈಹಿಡಿದು ಎತ್ತಬೇಕಾಯಿತು.

ಬಡ್ಡಿ ಬೇಕೇ ಬೇಡವೇ ಎಂಬ ಜಗಳ ಕೂಡಲೇ ಎದ್ದಿತು. ಬಡ್ಡಿಯಿಲ್ಲದೆ ನಡೆಸಹೊರಟ ಕಡೆ ಬಂಡವಾಳ ಕರಗಿಹೋಗುತ್ತಿತ್ತು. ಬೆರ್ನಾರ್ದಿನೊ ದ ಫೆಲ್ತ್ರೆ (1439–1494) ಎಂಬ ಕುಳ್ಳನೆಯ ಸನ್ಯಾಸಿ — ತನ್ನನ್ನು ‘ಚಿಕ್ಕವ’ ಎಂದೇ ಕರೆದುಕೊಳ್ಳುತ್ತಿದ್ದನಂತೆ — ಸ್ವಲ್ಪ ಬಡ್ಡಿ ಇರಲೇಬೇಕು ಎಂದು ಹಟ ಹಿಡಿದ. ಅವನ ವಾದ ಹೀಗೆ: ಸಾಲ ಬೇರೆ, ಕೆಲಸ ಬೇರೆ. ಸಾಲಕ್ಕೆ ಏನೂ ತೆಗೆದುಕೊಳ್ಳುತ್ತಿಲ್ಲ. ವಸ್ತುವನ್ನು ಹುಳ ಇಲಿಗಳಿಂದ ಕಾಯಬೇಕು, ಲೆಕ್ಕ ಬರೆಯಬೇಕು, ಮನೆಬಾಡಿಗೆ ಕೊಡಬೇಕು, ತೆಗೆದುಕೊಳ್ಳುವುದು ಅದಕ್ಕೆ. ಎದುರಾಳಿಗಳು ಮುಖ್ಯವಾಗಿ ದೊಮಿನಿಕನ್ ಸಂಘದವರು. ಅಗಸ್ತೀನ್ ಸಂಘದ ನಿಕೊಲೊ ಬರಿಯಾನಿ 1496ರಲ್ಲಿ, ಇದು ಕನಿಕರದ ಗುಡ್ಡವಲ್ಲ, ನಿಷ್ಕರುಣೆಯ ಗುಡ್ಡ ಎಂದು ಹೆಸರಿಟ್ಟೇ ಪುಸ್ತಕ ಬರೆದ. ದೊಮಿನಿಕನ್ ಪಂಡಿತ ಕಯೆತಾನ್ 1498ರಲ್ಲಿ ಕೇಳಿದ ಪ್ರಶ್ನೆ ಇವರೆಲ್ಲರದಕ್ಕಿಂತ ಚೂಪಾದದ್ದು: ನೌಕರರ ಸಂಬಳವನ್ನು ಎಲ್ಲರಿಗಿಂತ ಬಡವನಾದ ಸಾಲಗಾರ ಏಕೆ ಹೊರಬೇಕು?

ಹೀಗೆ ಗುಮಾಸ್ತನ ಸಂಬಳವನ್ನು ಯಾರು ಕೊಡಬೇಕೆಂಬುದು ಅರ್ಧ ಶತಮಾನ ಕಾಲ ದೇವಶಾಸ್ತ್ರದ ಪ್ರಶ್ನೆಯಾಗಿತ್ತು! 1515ರ ಮೇ 4ರಂದು ಐದನೆಯ ಲ್ಯಾಟರನ್ ಮಹಾಸಭೆಯಲ್ಲಿ ಪೋಪ್ ಹತ್ತನೆಯ ಲಿಯೊ ತೀರ್ಪು ಕೊಟ್ಟರು. ಖರ್ಚಿಗೆ ತಕ್ಕಷ್ಟು, ಲಾಭವಿಲ್ಲದೆ ತೆಗೆದುಕೊಂಡರೆ ಅದು ಪಾಪದ ಬಡ್ಡಿಯಲ್ಲ. ಏನನ್ನೂ ತೆಗೆದುಕೊಳ್ಳದೆ ಖರ್ಚನ್ನು ಬೇರೆ ನಿಧಿಯಿಂದ ಕೊಟ್ಟರೆ ಇನ್ನೂ ಉತ್ತಮ. ಈ ಪೋಪರು ಹುಟ್ಟಿದ್ದು ಫ್ಲಾರೆನ್ಸಿನ ಮೆದಿಚಿ ಮನೆತನದಲ್ಲಿ, ಬ್ಯಾಂಕಿನವರ ಮನೆತನದಲ್ಲಿ. ಇದನ್ನು ನಾನು ಯಾವ ಅರ್ಥ ಹಚ್ಚದೆ ಹೇಳಿ ಬಿಡುತ್ತೇನೆ.

ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಚಂದದ ಕತೆಯಾಗುತ್ತಿತ್ತು. ಆದರೆ ಬೆರ್ನಾರ್ದಿನೊ ಚೌಕಗಳಲ್ಲಿ ನಿಂತು ಬಡವರ ಮೇಲಿನ ಕನಿಕರವನ್ನಷ್ಟೇ ಸಾರಲಿಲ್ಲ, ಯಹೂದಿಗಳ ಮೇಲಿನ ದ್ವೇಷವನ್ನೂ ಸಾರಿದ. 1475ರಲ್ಲಿ ಈಸ್ಟರಿನ ಮೊದಲ ಉಪವಾಸಕಾಲದಲ್ಲಿ ಆತ ತ್ರೆಂತೊ ಪಟ್ಟಣದಲ್ಲಿ ಇಂಥ ಉಪದೇಶ ಮಾಡಿದ್ದ. ಆ ದಿನಗಳಲ್ಲೇ ಸಿಮೋನ್ ಎಂಬ ಎರಡು ವರ್ಷದ ಮಗು ಸತ್ತು ಸಿಕ್ಕಿತು. ಯಹೂದಿಗಳು ರಕ್ತಕ್ಕಾಗಿ ಕೊಂದರೆಂದು ಸುಳ್ಳು ಆರೋಪ ಹೊರಿಸಿ, ಚಿತ್ರಹಿಂಸೆಯಿಂದ ಒಪ್ಪಿಸಿ, ಅಲ್ಲಿಯ ಯಹೂದಿ ಗಂಡಸರನ್ನು ಕೊಂದರು. ಆ ಮಗುವನ್ನು ಸಂತನೆಂದು ಪೂಜಿಸುವುದನ್ನು ಸಭೆ ರದ್ದುಪಡಿಸಿದ್ದು 1965ರಲ್ಲಿ. ಬೆರ್ನಾರ್ದಿನೊನ ಮಾತಿನಿಂದ ದಂಗೆಯಾಗುತ್ತದೆಂದು 1488ರಲ್ಲಿ ಫ್ಲಾರೆನ್ಸಿನ ಅಧಿಕಾರಿಗಳು ಅವನನ್ನು ಊರಿನಿಂದ ಹೊರಹಾಕಿದರು. ಆದರೆ 1495ರಲ್ಲಿ, ಸವೊನರೋಲನ ಪ್ರಭಾವದ ಕಾಲದಲ್ಲಿ, ಅಲ್ಲಿಯೂ ಕನಿಕರದ ಗುಡ್ಡ ಎದ್ದಿತು, ಅದರ ಜೊತೆಗೇ ಯಹೂದಿಗಳನ್ನು ಹೊರಡಿಸುವ ನಿರ್ಧಾರವೂ ಆಯಿತು. ಒಬ್ಬರನ್ನು ಬರಮಾಡಿಕೊಳ್ಳಲು ತೆರೆದ ಬಾಗಿಲಿನಿಂದಲೇ ಇನ್ನೊಬ್ಬರನ್ನು ನೂಕಿದರು. ಕುಷ್ಠರೋಗಿಯನ್ನು ಅಪ್ಪಿಕೊಂಡವನ ಹೆಸರಿನ ಸಂಘದಿಂದ ಇದು ಬಂತೆಂಬುದನ್ನು ನುಂಗಿಕೊಳ್ಳುವುದು ಸುಲಭವಲ್ಲ. ಭಾಷೆ, ಜಾತಿ, ಮತಗಳು ಒಂದೇ ಪೇಟೆಯಲ್ಲಿ ಭುಜ ತಾಗಿಸಿಕೊಂಡು ಬದುಕುವ ನಮ್ಮಂಥ ಕಡೆ ಇದನ್ನು ಮುಚ್ಚಿಟ್ಟು ಬರೆಯುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಮಾತೂ ಇದೆ. ಅಡವಿಡಲು ತಾಮ್ರದ ಕೊಡವಾದರೂ ಇದ್ದವನಿಗೆ ಸಾಲ, ಅದೂ ಇಲ್ಲದವನಿಗೆ? ಅಸಿಸಿಯ ರಸ್ತೆಯ ಆ ಕುಷ್ಠರೋಗಿ ಪೆರೂಜಾದ ಕೌಂಟರಿಗೆ ಬಂದಿದ್ದರೆ ಪರೀಕ್ಷಕ ಏನನ್ನು ತೂಗುತ್ತಿದ್ದ? ನನ್ನ ಕೌಂಟರಿನಲ್ಲೂ ಆತನಿಗೆ ಫಾರಂ ಇಲ್ಲ.

ಲೆಕ್ಕ ಬರೆಯುವವರ ಗಮನಕ್ಕೆಂದು ಒಂದು ವಿಷಯ ಸೇರಿಸುತ್ತೇನೆ. ಬೆರ್ನಾರ್ದಿನೊ ತೀರಿಕೊಂಡ 1494ರಲ್ಲೇ ವೆನಿಸ್ಸಿನಲ್ಲಿ ಲೂಕಾ ಪಚೋಲಿ ಎಂಬಾತನ ಗಣಿತದ ದೊಡ್ಡ ಗ್ರಂಥ ಅಚ್ಚಾಯಿತು. ಜಮೆ–ಖರ್ಚುಗಳ ಜೋಡಿ ನಮೂದಿನ ಪದ್ಧತಿಯನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ವಿವರವಾಗಿ ಕಲಿಸಿದ್ದು ಅದೇ. ಪುಸ್ತಕದ ತಲೆಯಲ್ಲಿ ದೇವರ ಹೆಸರು ಬರೆದು ಲೆಕ್ಕ ಆರಂಭಿಸಿ ಎನ್ನುತ್ತಾನೆ. ನಮ್ಮ ಹಿರಿಯರು ಕಡತದ ಮೇಲೆ ‘ಶ್ರೀ’ ಬರೆದ ಹಾಗೆ. ಆತನೂ ಫ್ರಾನ್ಸಿಸ್ಕನ್ ಸನ್ಯಾಸಿಯೇ.

ಹೆಚ್ಚುವರಿ ಹಣದ ನಿಯಮವನ್ನು ಓದಿ ಪುಸ್ತಕ ಮಡಚಿಟ್ಟೆನೆಂದೆನಲ್ಲ. 1998ರಲ್ಲಿ ನನ್ನ ಕಾಲೇಜಿನ ಫೀಸಿಗೆಂದು ಅಮ್ಮ ಎರಡು ಪವನಿನ ಬಳೆಗಳನ್ನು ಪೇಟೆಯ ಒಬ್ಬರಲ್ಲಿ ಅಡವಿಟ್ಟು ಮೂರು ಸಾವಿರ ತಂದಿದ್ದಳು. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಅವಧಿ ತಪ್ಪಿತು. ಬಳೆ ಹೋಯಿತು. ಬಾಕಿಗಿಂತ ಬಳೆಯ ಬೆಲೆ ಹೆಚ್ಚಿತ್ತು, ಆ ಹೆಚ್ಚಿನದು ನಮಗೆ ಸಲ್ಲಬೇಕಿತ್ತು ಎಂಬುದು ಅಮ್ಮನಿಗೂ ಗೊತ್ತಿರಲಿಲ್ಲ, ಇತಿಹಾಸ ಓದುತ್ತಿದ್ದ ನನಗೂ ಗೊತ್ತಿರಲಿಲ್ಲ. ಹೋದದ್ದು ನಮ್ಮ ತಪ್ಪಿನಿಂದಲೇ ಎಂದು ತಲೆ ತಗ್ಗಿಸಿ ಬಂದಳು.

ನಮ್ಮಲ್ಲಿ ಈಗ ಹರಾಜಿನ ಮೊದಲು ನೋಟಿಸು ಹೋಗುತ್ತದೆ, ಹೆಚ್ಚುವರಿ ಹಣ ಖಾತೆಗೆ ಜಮೆಯಾಗುತ್ತದೆ. ನೋಟಿಸು ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ. ಕಳೆದ ವರ್ಷ ಕನ್ನಡ ಮಾತ್ರ ಓದಬಲ್ಲ ಒಬ್ಬ ಅಜ್ಜಿ, ಬಂದ ಎರಡು ನೋಟಿಸುಗಳನ್ನೂ ಕರೆಂಟು ಬಿಲ್ಲುಗಳ ಜೊತೆ ಮೊಳೆಗೆ ಚುಚ್ಚಿಟ್ಟಿದ್ದರು. ಕರಿಮಣಿ ಹರಾಜಾದ ಮೇಲೆ ಅದನ್ನು ಬಿಡಿಸಿಕೊಳ್ಳಲು ಹಣ ಹಿಡಿದುಕೊಂಡು ಬಂದರು. ಅವರ ಖಾತೆಯಲ್ಲಿ ಹೆಚ್ಚುವರಿ ಬಿದ್ದಿತ್ತು. ಅದನ್ನು ತೋರಿಸಿದೆ. “ದುಡ್ಡಲ್ಲ ಮಗಾ, ಅದು ಅವರು ಕಟ್ಟಿದ್ದು” ಎಂದರು.

ಅಂದಿನಿಂದ ಕನ್ನಡದ ಹೆಸರು ಕಂಡ ನೋಟಿಸುಗಳ ಕೆಳಗೆ ಎರಡು ಸಾಲು ಕನ್ನಡದಲ್ಲಿ ಕೈಯಲ್ಲೇ ಬರೆಯುತ್ತೇನೆ. ಯಾರಿಗೆ ಯಾವ ಲಿಪಿ ಬರುತ್ತದೆಂದು ಹೆಸರು ನೋಡಿ ತಿಳಿಯುವುದಿಲ್ಲ, ಆದ್ದರಿಂದ ಈಗ ಅಡವಿಡುವಾಗಲೇ ಕೇಳಿ ಚೀಟಿಯ ಮೂಲೆಯಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಗುರುತು ಹಾಕುವ ಉಪಾಯ ಪಕ್ಕದ ಕೌಂಟರಿನ ಮಲಯಾಳಿ ಸಹೋದ್ಯೋಗಿಯದು.